ಹಿತ್ತಿಲ ಕೋಳಿಯ ಭವಿಷ್ಯ

ನಾಟಿ ಕೋಳಿಯ ಸಾರಿಗೂ ರಾಗಿಮುದ್ದೆಗೂ ಇರುವ ನಂಟನ್ನು ಮೈಸೂರು ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬ್ರಾಯ್ಲರ್ ಮಾಂಸಕ್ಕಿಂತ ನಾಟಿ ಕೋಳಿಗೆ ಹೆಚ್ಚಿನ ಬೆಲೆಯನ್ನು ತೆರಲು ನಮ್ಮ ಪಟ್ಟಣಿಗರು ಸಿದ್ಧರಾಗಿಯೇ ಇರುವರು. ಆದರೆ ಆ ಕೋಳಿಯನ್ನು ಸಾಕತಕ್ಕವರು ಯಾರು, ಅದರ ಸಂತಾನವು ಉಳಿಯುವ ಬಗೆ ಹೇಗೆ ಎಂಬುದನ್ನು ಯೋಚಿಸುವವರು ಮಾತ್ರ ವಿರಳ.

ನಾಟಿ ಹ್ಯಾಟೆಯು ವರ್ಷಕ್ಕೆ ಇಡುವ ಮೊಟ್ಟೆಗಳು ಸಾಮಾನ್ಯವಾಗಿ 50-60ನ್ನು ಮೀರುವುದಿಲ್ಲ. ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡವರಿಗೆ ಇದು ಅಲ್ಪವೆಂದು ತೋರುವುದು ಸಹಜ. ಆದರೆ ಈ ಹಕ್ಕಿಯು ಯಜಮಾನನಿಂದ ಬೇಡುವುದೂ ಅಲ್ಪವೇ. ಚೆಲ್ಲಿದ ಕಾಳು, ಗೆದ್ದಲು, ಹುಳುಹುಪ್ಪಟೆ, ಅಡಿಗೆಮನೆಯಲ್ಲಿ ಉಳಿದ ಅನ್ನ, ಇವೇ ಅದರ ಮೇವು. ತನ್ನ ಮೊಟ್ಟೆಗಳ ಮೇಲೆ 21 ದಿನ ತಾನೇ ಕಾವಿಗೆ ಕೂತು, ಮರಿಗಳನ್ನು ಹದ್ದಿನ ಕಣ್ಣಿನಿಂದ ತಾನೇ ಕಾಪಾಡುವುದು. ಮೊಟ್ಟೆಗೂ ಮಾಂಸಕ್ಕೂ ಒದಗುವ ಇಂತಹ ಹತ್ತು ಕೋಳಿಗಳು ಬಡವರ ಮನೆಯಲ್ಲಿ ಹೆಂಗಸಿನ ಕೈಯ ಹಣವಾಗಿರುವುವು. ಮಗುವಿನ ಪುಸ್ತಕಕ್ಕೆ, ಹಠಾತ್ತಾಗಿ ಬಂದ ಜ್ವರದ ಔಷಧಿಗೆ ಸಾಲವಿಲ್ಲದೆ ದೊರೆಯುವ ಬಂಡವಾಳವದು.

ಇಳುವರಿಯ ಕೊರತೆಯನ್ನು ನೀಗಿಸಲು ನಮ್ಮ ನಾಡಿನ ವಿದ್ವಾಂಸರು ಶ್ರಮಿಸದೆ ಇಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿಯು ವರ್ಷಕ್ಕೆ 130ರಿಂದ 150 ಮೊಟ್ಟೆಗಳನ್ನು ಕೊಡುವುದು. 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ 180ಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲುದು. ಇವೆರಡೂ ಬಣ್ಣಬಣ್ಣದ ಗರಿಗಳಿಂದ ನಾಟಿ ಕೋಳಿಯನ್ನೇ ಹೋಲುವುವು. ಹಿತ್ತಿಲಿನಲ್ಲಿ ಕೆದಕಿ ಬಾಳಬಲ್ಲವು. ಸ್ವರ್ಣಧಾರಾ ಮೈಯಲ್ಲಿ ಸ್ವಲ್ಪ ಹಗುರವಾದುದರಿಂದ ನಾಯಿ ಬೆಕ್ಕುಗಳಿಂದ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭ.

ಆದರೆ ಈ ಲಾಭಕ್ಕೊಂದು ಬೆಲೆಯುಂಟು. ಹೆಚ್ಚು ಮೊಟ್ಟೆಯಿಡುವಂತೆ ಆಯ್ದು ಬೆಳೆಸಿದ ಹಕ್ಕಿಯಲ್ಲಿ ಕಾವಿಗೆ ಕೂರುವ ಸ್ವಭಾವವು ಕುಂದುವುದು. ಮಿಶ್ರತಳಿಯ ಮೊಟ್ಟೆಯನ್ನು ಮನೆಯಲ್ಲಿಯೇ ಮರಿ ಮಾಡಿಸಿದರೆ ತಾಯ್ತಂದೆಗಳ ಗುಣವು ಮರಿಗಳಲ್ಲಿ ಪೂರ್ಣವಾಗಿ ನಿಲ್ಲದು. ಆದುದರಿಂದ ಮರಿಗಳಿಗಾಗಿ ಪ್ರತಿ ಸಲವೂ ಮರಿಕೇಂದ್ರದ ಬಾಗಿಲಿಗೆ ಹೋಗಬೇಕಾಗುವುದು. ಕೇಂದ್ರದಲ್ಲಿ ಮರಿಗಳು ದೊರೆಯದ ವರ್ಷ, ನಾಟಿ ಬೀಜವನ್ನೂ ಕಳೆದುಕೊಂಡ ಮನೆಯವರ ಗತಿಯೇನು? ಹೊಸ ಹುಂಜಗಳನ್ನು ಊರ ಹ್ಯಾಟೆಗಳೊಡನೆ ಎಗ್ಗಿಲ್ಲದೆ ಬೆರೆಯಬಿಟ್ಟರೆ ಕೆಲವು ತಲೆಮಾರುಗಳಲ್ಲಿ ಅಪ್ಪಟ ನಾಟಿಯೆಂಬುದೇ ಉಳಿಯದೆ ಹೋದೀತು.

ಈ ಬೀಜದ ಬೆಲೆಯನ್ನು ಪರದೇಶದವರು ನಮಗಿಂತ ಮೊದಲೇ ಅರಿತರು. ಭರತಖಂಡದ ಅಸೀಲ್ ಕೋಳಿಯನ್ನು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವರು 19ನೆಯ ಶತಮಾನದಲ್ಲಿ ಕೊಂಡೊಯ್ದು, ಬೇರೆ ಜಾತಿಗಳೊಡನೆ ಕೂಡಿಸಿ ಕಾರ್ನಿಷ್ ಎಂಬ ತಳಿಯನ್ನು ಬೆಳೆಸಿದರು. ಇಂದು ಜಗತ್ತಿನ ಬ್ರಾಯ್ಲರ್ ಕೋಳಿಗಳ ಅಗಲವಾದ ಎದೆಯಲ್ಲಿರುವುದು ಆ ಕಾರ್ನಿಷಿನ ರಕ್ತವೇ. ನಮ್ಮ ಹಿತ್ತಿಲಿಂದ ಹೋದ ಧನವು ನಮಗೆ ಮಾರಾಟದ ಸರಕಾಗಿ ಹಿಂದಿರುಗಿತು.

ತಳಿಯ ಪ್ರಶ್ನೆಗಿಂತಲೂ ತುರ್ತಿನದು ರೋಗದ ಪ್ರಶ್ನೆ. ನಮ್ಮವರು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ವ್ಯಾಧಿಯು ಹೊಕ್ಕಿತೆಂದರೆ ಒಂದೇ ವಾರದಲ್ಲಿ ಕೇರಿಯ ಕೋಳಿಗೂಡುಗಳು ಬರಿದಾಗುವುವು. ಕುಮಾವೂನಿನ ರಾಣಿಖೇತದಲ್ಲಿ 1927ರಲ್ಲಿ ಗುರುತಿಸಲ್ಪಟ್ಟುದರಿಂದ ಈ ರೋಗಕ್ಕೆ ಆ ಹೆಸರು ಬಂದಿತು. ಅದೇ ಬೆಟ್ಟಸೀಮೆಯ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದಲ್ಲಿ ಅದಕ್ಕೆ ಲಸಿಕೆಯೂ ಸಿದ್ಧವಾಯಿತು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಒಂದು ತೊಟ್ಟು, ಸುಮಾರು ಎಂಟನೆಯ ವಾರದಲ್ಲಿ ಒಂದು ಚುಚ್ಚುಮದ್ದು, ಇಷ್ಟರಿಂದ ಬಹುಪಾಲು ಅಪಾಯವು ನೀಗುವುದು. ಹಾಗಿದ್ದೂ ಹಿತ್ತಿಲ ಕೋಳಿಗಳು ಸಾಯುತ್ತಿರುವುದೇಕೆ? ಲಸಿಕೆಯ ಸೀಸೆಯು ನೂರಾರು ಕೋಳಿಗಳ ಅಳತೆಯದು. ಅದನ್ನು ಹಿಮದಲ್ಲಿಟ್ಟು ತರಬೇಕು. ಕಲಸಿದ ಬಳಿಕ ಕೆಲವೇ ಗಂಟೆಗಳೊಳಗೆ ಮುಗಿಸಬೇಕು. ಆರು ಕೋಳಿಗಳ ಒಡತಿಯು ಒಬ್ಬಳೇ ಅದನ್ನು ಕೊಳ್ಳುವಳೆಂದು ನಿರೀಕ್ಷಿಸುವುದು ವಿವೇಕವಲ್ಲ. ಇಲ್ಲಿ ಕೊರತೆಯಾಗಿರುವುದು ವಿಜ್ಞಾನವಲ್ಲ, ಏರ್ಪಾಡು.

ನಗರವಾಸಿಗಳಿಗೆ ಇನ್ನೊಂದು ಹೊಣೆಯೂ ಇರುವುದು. ಪ್ಲೇಗಿನ ಹಾವಳಿಯಿಂದ ಪಾಠ ಕಲಿತು 1903ರಲ್ಲಿ ನಗರಾಭಿವೃದ್ಧಿ ಮಂಡಲಿಯನ್ನು ಸ್ಥಾಪಿಸಿಕೊಂಡ ಊರು ನಮ್ಮದು. ಗಾಳಿ ಬೆಳಕುಗಳಿಗೂ ನೈರ್ಮಲ್ಯಕ್ಕೂ ಇರುವ ಸಂಬಂಧವನ್ನು ಮೈಸೂರಿನ ಪೌರರು ಮರೆಯಲಾಗದು. 2020ರ ಮಾರ್ಚಿಯಲ್ಲಿ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರವು ದೃಢಪಟ್ಟಾಗ ಸುತ್ತಮುತ್ತಲಿನ ಮನೆಗಳ ಸಾಕುಕೋಳಿಗಳನ್ನೂ ಕೊಲ್ಲಬೇಕಾಗಿ ಬಂದಿತು. ಕೋಳಿಗಳನ್ನು ರಾತ್ರಿ ಗಾಳಿಯಾಡುವ ಒಣ ಗೂಡಿನಲ್ಲಿ ಕೂಡುವುದು, ಹಿಕ್ಕೆಯನ್ನು ದಿನವೂ ತೆಗೆದು ಗೊಬ್ಬರದ ಗುಂಡಿಗೆ ಹಾಕುವುದು, ಸಂತೆಯಿಂದ ತಂದ ಹಕ್ಕಿಯನ್ನು ಎರಡು ವಾರ ಬೇರೆಯಿಡುವುದು, ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸುವುದು, ಇವು ನೆರೆಹೊರೆಗೆ ಸಲ್ಲಿಸಬೇಕಾದ ಋಣವೇ ಹೊರತು ಉಪಕಾರವಲ್ಲ.

ಆದುದರಿಂದ ನಾವು ಸೂಚಿಸುವುದು ಇಷ್ಟೆ. ಪಶುವೈದ್ಯ ಇಲಾಖೆಯವರು ಪ್ರತಿ ಬಡಾವಣೆಗೂ ಸುತ್ತಲಿನ ಪ್ರತಿ ಹಳ್ಳಿಗೂ ಲಸಿಕೆಯ ದಿನವನ್ನು ಗೊತ್ತುಮಾಡಿ ಮೊದಲೇ ಸಾರತಕ್ಕದ್ದು. ಕೇರಿಯ ಮಹಿಳಾ ಸಂಘಗಳು ಅಂದು ಕೋಳಿಗಳನ್ನು ಒಂದೆಡೆ ಸೇರಿಸಲಿ. ಮೊಟ್ಟೆಯ ವ್ಯಾಪಾರವನ್ನು ಬಯಸುವವರು ಗಿರಿರಾಜವನ್ನೋ ಸ್ವರ್ಣಧಾರಾವನ್ನೋ ಸಾಕಲಿ; ಆದರೆ ಅವುಗಳ ಹುಂಜಗಳನ್ನು ಪ್ರತ್ಯೇಕವಾಗಿಡಲಿ. ಊರಿಗೆ ಕೆಲವು ಮನೆಗಳಾದರೂ ಒಳ್ಳೆಯ ನಾಟಿ ಹುಂಜವೊಂದನ್ನೂ ಕಾವಿಗೆ ಕೂರುವ ಹ್ಯಾಟೆಗಳನ್ನೂ ಆಯ್ದು, ಬೀಜದ ರಾಗಿಯನ್ನು ಕಾಯ್ದಿರಿಸುವಂತೆ ಕಾಯ್ದಿರಿಸಲಿ. ಬೀಜವು ಕೈಯಲ್ಲಿದ್ದವನಿಗೆ ಒಂದು ವರ್ಷದ ನಷ್ಟವು ಒಂದು ವರ್ಷದ್ದೇ. ಬೀಜವನ್ನು ನೀಗಿಕೊಂಡವನಿಗೆ ಅದು ಶಾಶ್ವತವಾದುದು.