ಕಟ್ಟೆ ಒಡೆದಿಲ್ಲ ಅಂತ ಹೇಳೋರು ಯಾರು?

2023ರ ಅಕ್ಟೋಬರ್ 12, ಗುರುವಾರ. ಗುತ್ತಲಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಹಿಟ್ಟು ತಿರುವುತ್ತಿದ್ದೆ. ಇದ್ದಕ್ಕಿದ್ದಂತೆ ಮನೆಯ ಫೋನುಗಳೆಲ್ಲ ಸೈರನ್ ಥರ ಕೂಗಿಕೊಂಡವು. ನನ್ನ ಫೋನು ಸೈಲೆಂಟ್‌ನಲ್ಲಿತ್ತು, ಅದೂ ಕೂಗಿತು. ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ಮೊರ ಬಿಟ್ಟು ಎದ್ದೇಬಿಟ್ಟರು.

"ಏನವ್ವ ಇದು, ಹಿಂಗೆ ಬಡ್ಕೊತದೆ?"

ಅದು ದೂರಸಂಪರ್ಕ ಇಲಾಖೆ ಕಳಿಸಿದ ಪರೀಕ್ಷಾ ಸಂದೇಶ. ಗಾಬರಿ ಬೇಡ, ಏನೂ ಮಾಡಬೇಕಾಗಿಲ್ಲ ಎಂದು ಅದರಲ್ಲೇ ಬರೆದಿತ್ತು. ಓದಿ ಹೇಳಿದೆ. ಅತ್ತೆ ಸುಮ್ಮನಾಗಲಿಲ್ಲ.

"ನಮ್ಮೂರಲ್ಲಿ ತಳವಾರ ಟಾಂಟಾಂ ಹೊಡೀತಿದ್ದ. ಅವ ಯಾರ ಮಗ ಅಂತ ನಮಗೆ ಗೊತ್ತಿತ್ತು, ಅದಕ್ಕೇ ನಂಬ್ತಿದ್ವಿ. ಇದನ್ನ ಹೊಡ್ದೋರು ಯಾರು ಅಂತ ಹೆಂಗವ್ವ ನಂಬೋದು?"

ಆವತ್ತು ನಕ್ಕು ಸುಮ್ಮನಾದೆ. ಮರುವರ್ಷ ಮಳೆಗಾಲದಲ್ಲಿ ಆ ಪ್ರಶ್ನೆ ನಮ್ಮನೆ ಬಾಗಿಲಿಗೇ ಬಂತು.

ಅತ್ತೆಯ ತವರು ಮಳವಳ್ಳಿ ತಾಲ್ಲೂಕಿನ ಹೊಳೆ ದಂಡೆಯ ಊರು. 2024ರ ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿ, ಲಕ್ಷ ಕ್ಯುಸೆಕ್‌ಗೂ ಮೇಲೆ ನೀರು ಬಿಟ್ಟಿದ್ದು ನಿಮಗೆ ನೆನಪಿರಬಹುದು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್! ಆ ದಿನಗಳಲ್ಲೇ ಒಂದು ರಾತ್ರಿ, ಒಂಬತ್ತು ಗಂಟೆ ಸುಮಾರಿಗೆ, ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಯಾವುದೋ ಊರಿನ ಹಳೇ ವಿಡಿಯೊ ಬಂತು. ಕೆಳಗೆ "ಕಟ್ಟೆ ಬಿರುಕು ಬಿಟ್ಟಿದೆ, ಹೊಳೆ ಪಕ್ಕದವರು ಕೂಡಲೇ ಜಾಗ ಖಾಲಿ ಮಾಡಿ" ಅಂತ ಬರೆದಿತ್ತು.

ಅತ್ತೆಯ ತಮ್ಮನಿಗೆ ಫೋನ್ ಹಚ್ಚಿದೆವು. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂಬ ಅದೇ ಹೆಣ್ಣುದನಿ. ಆ ಊರಿನಲ್ಲಿ ಸಂಜೆಯಿಂದ ಕರೆಂಟ್ ಇರಲಿಲ್ಲವಂತೆ. ಟವರಿನ ಬ್ಯಾಟರಿ ಹತ್ತು ಗಂಟೆಯೊಳಗೆ ಕೈಕೊಟ್ಟಿತ್ತು. ನಮ್ಮೆಜಮಾನರು 112ಕ್ಕೆ ಕರೆ ಮಾಡಿ ವಿಚಾರಿಸಿದರು. ಕಟ್ಟೆಗೆ ಏನೂ ಆಗಿಲ್ಲ, ಸುಳ್ಳು ಸುದ್ದಿ ಅಂದರು. ನಮಗೆ ಸಮಾಧಾನವಾಯಿತು. ಆದರೆ ಆ ಸಮಾಧಾನವನ್ನು ಹೊಳೆ ದಂಡೆಗೆ ಮುಟ್ಟಿಸೋದು ಹೇಗೆ? ಸುಳ್ಳು ಹೋಗುವಾಗ ಟವರ್ ಜೀವಂತ ಇತ್ತು. ನಿಜ ಹೋಗಬೇಕಾದಾಗ ಸತ್ತಿತ್ತು.

ಬೆಳಿಗ್ಗೆ ಮಾವನ ಫೋನ್ ಬಂತು. ಮಳೆಯಲ್ಲೇ ಹಸು, ಕರು, ಮಕ್ಕಳನ್ನು ಎತ್ತರದ ಜಾಗಕ್ಕೆ ಸಾಗಿಸಿದ್ದರು. ಕತ್ತಲಲ್ಲಿ ಜಾರಿಬಿದ್ದು ಚಿಕ್ಕತ್ತೆಯ ಸೊಂಟದ ಮೂಳೆ ಮುರಿದಿತ್ತು. ಅವರು ಈಗಲೂ ಕೋಲು ಹಿಡಿದೇ ನಡೆಯುತ್ತಾರೆ. ಬರದೇ ಇದ್ದ ಪ್ರವಾಹ ಕೊಟ್ಟ ಏಟು ಅದು.

ಆಮೇಲೆ ನಾನು ಈ ವಿಷಯ ಓದಲು ಶುರುಮಾಡಿದೆ. ಆಪತ್ಕಾಲದ ಸಂಪರ್ಕದಲ್ಲಿ ನಂಬಿಕೆ ಅನ್ನೋದಕ್ಕೆ ಮೂರು ಮುಖ ಇದೆ ಅಂತ ತಿಳೀತು. ಸಂದೇಶ ನಿಜವಾದದ್ದಾ? ಅದನ್ನು ತರುವ ಜಾಲ ಕಷ್ಟಕಾಲದಲ್ಲಿ ನಿಂತಿರುತ್ತಾ? ಆ ಜಾಲದೊಳಗಿನ ಯಂತ್ರಗಳು ನಮ್ಮ ಪರವಾಗಿಯೇ ಕೆಲಸ ಮಾಡುತ್ತವಾ?

ಮೊದಲನೆಯದು ಸಂದೇಶ. ಅಂದು ನಮ್ಮ ಫೋನ್ ಕೂಗಿಸಿದ್ದು ಸೆಲ್ ಬ್ರಾಡ್‌ಕಾಸ್ಟ್ ಎಂಬ ವಿಧಾನ. ಎಸ್ಸೆಮ್ಮೆಸ್ ಒಬ್ಬೊಬ್ಬರ ನಂಬರಿಗೂ ಬೇರೆಬೇರೆಯಾಗಿ ಹೋಗಬೇಕು. ಲಕ್ಷಾಂತರ ಜನಕ್ಕೆ ಕಳಿಸುವಾಗ ದಾರಿ ಕಟ್ಟಿಕೊಳ್ಳುತ್ತದೆ. ಇದು ಹಾಗಲ್ಲ. ಟವರ್ ಒಂದೇ ಸಲ ಸಾರುತ್ತದೆ, ಅದರ ವ್ಯಾಪ್ತಿಯಲ್ಲಿರುವ ಫೋನೆಲ್ಲ ಕೇಳಿಸಿಕೊಳ್ಳುತ್ತವೆ. ಇಂಟರ್ನೆಟ್ ಬೇಡ, ಯಾರ ನಂಬರೂ ಬೇಡ. ಬೇಕಾದ ಪ್ರದೇಶಕ್ಕೆ ಮಾತ್ರವೂ ಕಳಿಸಬಹುದು. ಅತ್ತೆಯ ಭಾಷೆಯಲ್ಲಿ ಹೇಳೋದಾದರೆ ಅಪ್ಪಟ ಟಾಂಟಾಂ. ವಾಟ್ಸ್‌ಆ್ಯಪ್‌ನಂತೆ ಯಾರು ಬೇಕಾದರೂ ಇದಕ್ಕೆ ಸಂದೇಶ ಹಾಕಿ ಮುಂದೆ ತಳ್ಳಲಾಗದು. ನಮ್ಮ ದೇಶದಲ್ಲಿ ಇದರ ವ್ಯವಸ್ಥೆಯನ್ನು ರೂಪಿಸಿದ್ದು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್.

ಎರಡನೆಯದು ಜಾಲ. ಟವರ್ ಸತ್ತರೆ ಈ ಟಾಂಟಾಂ ಕೂಡ ಮೂಕ. ಹಳೇ ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ಕರೆಂಟು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿತ್ತು. ಮನೆಯಲ್ಲಿ ಕತ್ತಲಾದರೂ ಫೋನ್ ರಿಂಗಾಗುತ್ತಿತ್ತು. ಮೊಬೈಲ್ ಕಾಲದಲ್ಲಿ ಪ್ರತಿ ಟವರಿಗೂ ಕರೆಂಟ್ ಬೇಕು, ಅದು ಹೋದರೆ ಬ್ಯಾಟರಿ, ಅದೂ ಮುಗಿದರೆ ಡೀಸೆಲ್. ಜತೆಗೆ ಆಪ್ಟಿಕಲ್ ಫೈಬರ್ ಕಡಿಯದೆ ಉಳಿಯಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆ, ವಿದ್ಯುತ್ತು, ಫೋನು ಮೂರೂ ಒಟ್ಟಿಗೆ ಕಡಿದುಹೋಗಿ, ಮಕ್ಕಳು ಎಲ್ಲಿದ್ದಾರೆ, ಹಿರಿಯರು ಎಲ್ಲಿದ್ದಾರೆ ಅಂತ ಎಷ್ಟೋ ಮನೆಯವರಿಗೆ ಗೊತ್ತಾಗಲೇ ಇಲ್ಲ.

ಜಾಲ ಉಳಿದರೂ ಇನ್ನೊಂದು ತೊಂದರೆ ಇದೆ. ಎಲ್ಲರೂ ಒಟ್ಟಿಗೆ ಫೋನ್ ಹಿಡಿದರೆ ಆಂಬುಲೆನ್ಸಿನವರ ಕರೆಯೂ ಸಿಕ್ಕಿಹಾಕಿಕೊಳ್ಳುತ್ತದೆ. ಅಮೆರಿಕದಲ್ಲಿ ತುರ್ತು ಸೇವೆಯವರ ಕರೆಗೆ ಮೊದಲು ದಾರಿ ಬಿಡುವ ವ್ಯವಸ್ಥೆ ಬಹಳ ವರ್ಷದಿಂದ ಇದೆ. ನಮ್ಮ 2023ರ ದೂರಸಂಪರ್ಕ ಕಾಯ್ದೆಯೂ ವಿಪತ್ತಿನ ಹೊತ್ತಿನಲ್ಲಿ ರಕ್ಷಣಾ ಕಾರ್ಯದವರ ಸಂದೇಶಕ್ಕೆ ಆದ್ಯತೆ ಕೊಡಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಸಂತೆಯಲ್ಲಿ ಹೆರಿಗೆ ಗಾಡಿಗೆ ದಾರಿ ಬಿಡಿಸಿದ ಹಾಗೆ.

ಮೂರನೆಯದು ಯಂತ್ರ. ಇದು ನಮ್ಮಂಥ ಗೃಹಿಣಿಯರಿಗೆ ದೂರದ ಮಾತು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ 2024ರ ಸೆಪ್ಟೆಂಬರ್ 17ರಂದು ಲೆಬನಾನಿನಲ್ಲಿ ಸಾವಿರಾರು ಪೇಜರುಗಳು ಒಂದೇ ಹೊತ್ತಿಗೆ ಸಿಡಿದವು. ಮರುದಿನ ವಾಕಿಟಾಕಿಗಳು. ಕೈಗೆ ಬರುವ ಮೊದಲೇ ಅವುಗಳೊಳಗೆ ಸ್ಫೋಟಕ ಸೇರಿಸಿಟ್ಟಿದ್ದರು. ಸತ್ತವರಲ್ಲಿ ಮಕ್ಕಳೂ ಇದ್ದರು. ಟವರಿನೊಳಗಿನ ಯಂತ್ರ ಸಿಡಿಯಲೇಬೇಕು ಅಂತಿಲ್ಲ. ಯುದ್ಧದ ದಿನ ಅದು ಸುಮ್ಮನೆ ನಿಂತುಹೋದರೂ ಸಾಕು, ಅಥವಾ ಮಾತು ಕದ್ದು ಕೇಳಿದರೂ ಸಾಕು.

ಅದಕ್ಕೇ 2021ರ ಜೂನ್ 15ರಿಂದ ನಮ್ಮ ದೇಶದ ಟೆಲಿಕಾಂ ಕಂಪನಿಗಳು ಹೊಸದಾಗಿ ಜೋಡಿಸುವ ಯಂತ್ರಗಳು ಸರ್ಕಾರ ಒಪ್ಪಿದ ನಂಬಿಕಸ್ಥ ಮೂಲದಿಂದಲೇ ಬರಬೇಕು ಎಂಬ ನಿಯಮ ಜಾರಿಯಾಗಿದೆ. ಇಂಥ ಯಂತ್ರಗಳಿಗೆ ಸುರಕ್ಷತೆಯ ಮಾನದಂಡ ಬರೆಯುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರೋದು ನಮ್ಮ ಬೆಂಗಳೂರಿನಲ್ಲೇ. ಈ ಕಥೆಯ ತುಂಬಾ ಕರ್ನಾಟಕವೇ ಇದೆ. 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಶುರುವಾಗಿ ಟೆಲಿಫೋನ್ ತಯಾರಿಸಿತು. ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಕೂತದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ; ಏಸಿ ಇಲ್ಲದೆ ಹಳ್ಳಿಯ ದೂಳು, ಬಿಸಿಲು ತಡೆಯುವಂತೆ ಅದನ್ನು ಮಾಡಿದ್ದರು. 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯಲ್ಲಿ ಟವರಿನ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಒಳಗಿನ ಕೋರ್ ಸಿ-ಡಾಟ್‌ನದು.

ನಮ್ಮದು ಅಂದಮಾತ್ರಕ್ಕೆ ನಂಬಿಬಿಡಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮವರೇ ಮಾಡಿದ ಯಂತ್ರವಾದರೂ ಬ್ಯಾಟರಿ ಮುಗಿದರೆ ಕತ್ತಲೇ. ಅವತ್ತು ಚಿಕ್ಕತ್ತೆಯ ಸೊಂಟ ಮುರಿಯಲು ಯಾವ ಶತ್ರುದೇಶವೂ ಬೇಕಾಗಲಿಲ್ಲ. ಒಂದು ಹಳೇ ವಿಡಿಯೊ, ಒಂದು ಖಾಲಿ ಬ್ಯಾಟರಿ, ಅಷ್ಟೇ ಸಾಕಾಯಿತು. ಹೊಳೆ ದಂಡೆಯ ಟವರುಗಳಲ್ಲಿ ಮಳೆಗಾಲಕ್ಕೆ ಮುಂಚೆ ಬ್ಯಾಟರಿ, ಡೀಸೆಲ್ ಇದೆಯಾ ಅಂತ ನೋಡೋದು ದೇಶರಕ್ಷಣೆಯ ಕೆಲಸವೇ ಅಂತ ನನಗೀಗ ಅನ್ನಿಸುತ್ತದೆ. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜತೆ ಇದನ್ನೂ ಕೇಳೋಣ.

ಮನೆಯಲ್ಲಿ ನಾವು ಮಾಡಿಕೊಂಡದ್ದು ಇಷ್ಟು:

ಎರಡು ಫೋನಿಗೆ ಎರಡು ಬೇರೆ ಕಂಪನಿಯ ಸಿಮ್. ಒಂದರ ಸಿಗ್ನಲ್ ಹೋದರೆ ಇನ್ನೊಂದಾದರೂ ಇರಲಿ ಅಂತ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ತುರ್ತು ಎಚ್ಚರಿಕೆ ಆನ್ ಇದೆಯಾ ಅಂತ ನೋಡಿಕೊಂಡೆವು. ಕಿರಿಕಿರಿ ಅಂತ ಮಗ ಆಫ್ ಮಾಡಿಟ್ಟಿದ್ದ!

ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗಬಹುದು. ಇದನ್ನು ಮಕ್ಕಳಿಗೂ ಹೇಳಿಕೊಟ್ಟೆವು.

ಮುಖ್ಯವಾದ ಹತ್ತು ನಂಬರುಗಳನ್ನು ಹಾಳೆಯಲ್ಲಿ ಬರೆದು ದೇವರಮನೆ ಬಾಗಿಲ ಹಿಂದೆ ಅಂಟಿಸಿದ್ದೇವೆ.

ಸೆಲ್ ಹಾಕುವ ರೇಡಿಯೊ ಒಂದನ್ನು ಅತ್ತೆಯ ತವರಿಗೆ ಕೊಟ್ಟುಬಂದೆವು. ಪಕ್ಕದ ಮೊಬೈಲ್ ಟವರ್ ಸತ್ತರೂ ಮೈಸೂರು ಆಕಾಶವಾಣಿ ಮಾತಾಡುತ್ತಿರುತ್ತದೆ.

ಬಂಧುಗಳ ಗುಂಪಿನಲ್ಲಿ ಒಂದು ಕಟ್ಟಳೆ ಮಾಡಿದ್ದೇವೆ: ಕಟ್ಟೆ, ಹೊಳೆ, ಪ್ರವಾಹದ ವಿಷಯವನ್ನು ಮೂಲ ತಿಳಿಯದೆ ಯಾರೂ ಫಾರ್ವರ್ಡ್ ಮಾಡುವ ಹಾಗಿಲ್ಲ. ಅಪ್ಪಿತಪ್ಪಿ ಮಾಡಿದವರಿಗೆ ಅತ್ತೆಯೇ ಖುದ್ದಾಗಿ ಫೋನ್ ಮಾಡುತ್ತಾರೆ.

"ಏನಪ್ಪಾ, ಈ ಟಾಂಟಾಂ ಹೊಡ್ದೋನು ಯಾರ ಮಗ?"

ಹೋದ ಮಳೆಗಾಲದಲ್ಲಿ ಅವರು ಮೂರೇ ಸಲ ಹಾಗೆ ಕೇಳಬೇಕಾಗಿ ಬಂತು.