ಒಂದೇ ಬೆಂಚು, ಹಲವು ಮನೆಮಾತು

ಹುಬ್ಬಳ್ಳಿ ರಸ್ತೆ ಕರಾವಳಿ ಹೆದ್ದಾರಿಯನ್ನು ಕೂಡುವುದು ಅಂಕೋಲೆ ಬಳಿಯ ಬಾಳೆಗುಳಿಯಲ್ಲಿ. ಕಾಲೇಜೂ ಅಂಥದೇ ಕೂಡುರಸ್ತೆ. ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟನರಿ ಕಾಲೇಜು ತೆರೆದದ್ದರಿಂದ ಬಡವರ ಮಕ್ಕಳಿಗೂ ಪದವಿ ಶಿಕ್ಷಣ ಹತ್ತಿರವಾಯಿತು.

ಆದರೆ ಜೊತೆಗೆ ಕುಳಿತ ಮಾತ್ರಕ್ಕೆ ಸಂವಾದವಾಗದು. ಹಾಲಕ್ಕಿ ಹುಡುಗಿಯ ಮನೆಮಾತಿಗೆ ಯಾರಾದರೂ ನಕ್ಕರೆ ಅವಳು ವರ್ಷವಿಡೀ ಬಾಯಿ ತೆರೆಯಲಿಕ್ಕಿಲ್ಲ. ಆಗ ಇಡೀ ತರಗತಿಗೇ ನಷ್ಟ. ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಮಹಿಳೆ, ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು, ಬೀಜಕ್ಕೆ ಯಾವ ತಾಯಿಮರ ಒಳ್ಳೆಯದೆಂದು ಬಲ್ಲವರಾಗಿದ್ದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅಂಥ ತಿಳಿವಳಿಕೆ ಪಕ್ಕದ ಬೆಂಚಿನವರ ಮನೆಯಲ್ಲೂ ಇದ್ದೀತು.

ಪಾಲಕರೇ, ಅಂಕಗಳ ಜೊತೆಗೆ ಇದನ್ನೂ ವಿಚಾರಿಸಿ: ಇವತ್ತು ಗೆಳೆಯರಿಂದ ಹೊಸತೇನು ತಿಳಿದೆ?