ಮೌನ ಮುಗಿದ ಮೇಲೆ

ಜುಲೈ 26 ಕಾರ್ಗಿಲ್ ವಿಜಯ ದಿವಸ. ಕಳೆದ ಬಾರಿ ಆ ದಿನ ನಾನು ನನ್ನ ಹುಟ್ಟೂರಾದ ಗೋಕಾಕ ತಾಲ್ಲೂಕಿನ ಅಂಕಲಗಿಯಲ್ಲಿದ್ದೆ. ಊರಿನ ತರುಣರು ಸೇರಿ ಚಿಕ್ಕದೊಂದು ಕಾರ್ಯಕ್ರಮ ಏರ್ಪಡಿಸಿದ್ದರು. ಸುತ್ತಲಿನ ಹಳ್ಳಿಗಳ ನಾಲ್ಕಾರು ಮಾಜಿ ಸೈನಿಕರನ್ನು ಕರೆಸಿ, ಮುಂದಿನ ಸಾಲಿನಲ್ಲಿ ಕೂರಿಸಿ, ಶಾಲು ಹೊದಿಸಿದರು. ಆರಂಭದಲ್ಲಿ ನಿರೂಪಕರು, ಮಡಿದ ಯೋಧರ ಸ್ಮರಣೆಗಾಗಿ ಒಂದು ನಿಮಿಷ ಮೌನ ಆಚರಿಸಬೇಕೆಂದು ಕೋರಿದರು. ಸಭೆ ಎದ್ದು ನಿಂತಿತು. ಸರ್ಕಾರಿ ನೌಕರಿಯ ಹಳೆಯ ಚಾಳಿಯಿಂದ ನನ್ನ ಕಣ್ಣು ಕೈಗಡಿಯಾರದ ಮೇಲೆ ಹೋಯಿತು. ಇಪ್ಪತ್ತೆರಡನೆಯ ಸೆಕೆಂಡಿಗೆ ‘ಧನ್ಯವಾದಗಳು, ಎಲ್ಲರೂ ಆಸೀನರಾಗಬೇಕು’ ಎಂಬ ಮಾತು ಧ್ವನಿವರ್ಧಕದಲ್ಲಿ ಕೇಳಿಬಂತು. ಎಲ್ಲರೂ ಕುಳಿತರು. ಮುಂದಿನ ಸಾಲಿನ ಒಬ್ಬ ವೃದ್ಧರು ಮಾತ್ರ ಕೈಗಳನ್ನು ತೊಡೆಗೆ ಒತ್ತಿ ಹಿಡಿದು ನಿಂತೇ ಇದ್ದರು. ಪಕ್ಕದವರು ಶಾಲಿನ ತುದಿ ಹಿಡಿದು ಎಳೆದರೂ ಕೂರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವರನ್ನು ಮಾತನಾಡಿಸಿದೆ. ನಿವೃತ್ತ ಹವಾಲ್ದಾರರು. 1987ರಿಂದ 1990ರವರೆಗೆ ಶ್ರೀಲಂಕಾಕ್ಕೆ ಹೋಗಿದ್ದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿದ್ದವರು. ಅಲ್ಲಿ ನಮ್ಮ ಸುಮಾರು 1,200 ಯೋಧರು ಪ್ರಾಣ ತೆತ್ತರು. ‘ಯಾಕ್ರೀ, ನಿಂತೇ ಇದ್ರಿ?’ ಎಂದೆ. ‘ಸಾಹೇಬ್ರ, ನಾ ಒಬ್ಬೊಬ್ಬರದ ಹೆಸರ ತಗೊಂಡ ನೆನಸ್ತೀನ್ರಿ. ಇವರು ಅರ್ಧಕ್ಕ ಕುಂದರ್ಸಿದ್ರ ಉಳದಾವ್ರ ಹೆಸರ ಏನ ಮಾಡೂದ್ರಿ?’ ಎಂದರು.

ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮೌನದ ಈ ಪದ್ಧತಿಗೆ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗಲೇ 1918ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಲ್ಲಿ ದಿನವೂ ಮಧ್ಯಾಹ್ನ ಕೆಲ ಹೊತ್ತು ಜನ ಕೆಲಸ ನಿಲ್ಲಿಸಿ ಮೌನವಾಗಿ ನಿಲ್ಲುತ್ತಿದ್ದರು. ಅದನ್ನು ಅನುಸರಿಸಿ ಬ್ರಿಟನ್ನಿನ ದೊರೆ ಐದನೆಯ ಜಾರ್ಜ್, ಯುದ್ಧವಿರಾಮದ ಮೊದಲ ವಾರ್ಷಿಕದಂದು, ಅಂದರೆ 1919ರ ನವೆಂಬರ್ 11ರಂದು, ಬೆಳಿಗ್ಗೆ ಹನ್ನೊಂದಕ್ಕೆ ಸಾಮ್ರಾಜ್ಯದಾದ್ಯಂತ ಎರಡು ನಿಮಿಷ ಮೌನ ಆಚರಿಸಬೇಕೆಂದು ಕರೆ ಕೊಟ್ಟರು. ಸ್ವತಂತ್ರ ಭಾರತದಲ್ಲಿ ನಾವು ಜನವರಿ 30ರಂದು ಅದೇ ಹನ್ನೊಂದು ಗಂಟೆಗೆ, ಅದೇ ಎರಡು ನಿಮಿಷ, ಸ್ವಾತಂತ್ರ್ಯಕ್ಕಾಗಿ ಪ್ರಾಣಕೊಟ್ಟವರ ಹೆಸರಿನಲ್ಲಿ ನಿಲ್ಲುತ್ತೇವೆ. ಸೈನಿಕರಿಗೆಂದು 1949ರಿಂದ ಡಿಸೆಂಬರ್ 7ರ ಧ್ವಜ ದಿನಾಚರಣೆ ಇದೆ. ಆ ದಿನ ಕಚೇರಿ ಕಚೇರಿಗೂ ಚಿಕ್ಕ ಧ್ವಜಗಳ ಕಟ್ಟು ಬರುತ್ತದೆ. ಇಷ್ಟು ಹಣ ಸಂಗ್ರಹವಾಗಬೇಕೆಂಬ ಗುರಿಯೂ ಜೊತೆಗೇ ಬರುತ್ತದೆ. ಗುರಿ ಮುಟ್ಟಿಸಿದ ತೃಪ್ತಿಯಲ್ಲಿ ಧ್ವಜ ಯಾರದೆಂಬುದು ಮರೆತುಹೋಗುವುದನ್ನು ನಾನೇ ಅನುಭವಿಸಿದ್ದೇನೆ.

ಪದ್ಧತಿ ಹೊರಗಿನದಿರಬಹುದು, ಆದರೆ ಭಾವ ನಮಗೆ ಹೊಸದಲ್ಲ. ಕರ್ನಾಟಕದ ಯಾವ ಮೂಲೆಗೆ ಹೋದರೂ ಊರಾಚೆ, ಕೆರೆಯ ದಂಡೆಯ ಮೇಲೆ, ಗುಡಿಯ ಅಂಗಳದಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ. ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ. ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಗಡಿಗಾಗಿ, ಊರಿನ ದನಗಳಿಗಾಗಿ, ಹೆಂಗಸರ ಮಾನಕ್ಕಾಗಿ ಹೋರಾಡಿ ಸತ್ತ ಸಾಮಾನ್ಯರಿಗೂ ಈ ಗೌರವ ಸಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲು, ಹಂದಿಯೊಡನೆ ಸೆಣಸಿ ಸತ್ತ ಬೇಟೆನಾಯಿಯ ಹೆಸರನ್ನೂ ಉಳಿಸಿದೆ. ಅದರ ಹೆಸರು ಕಾಳಿ.

ನಾನು ಓದಿದ್ದು ಅರ್ಥಶಾಸ್ತ್ರ. ಆದ್ದರಿಂದ ಈ ಶಾಸನಗಳಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಶಿಲ್ಪವಲ್ಲ, ‘ನೆತ್ತರುಗೊಡಗೆ’ ಎಂಬ ಪದ. ಮಡಿದವನ ನೆತ್ತರಿಗೆ ಪ್ರತಿಯಾಗಿ ಅವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. ನಮ್ಮ ಹಿರಿಯರು ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳಲಿಲ್ಲ. ಸತ್ತವನಿಗೆ ಹೆಸರು, ಉಳಿದವರಿಗೆ ಅನ್ನ, ಎರಡೂ ಕೂಡಿದರೆ ಮಾತ್ರ ಅದು ಸ್ಮರಣೆ ಎಂದು ಅವರಿಗೆ ತಿಳಿದಿತ್ತು. ಒಂದಿದ್ದು ಒಂದಿಲ್ಲದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಹೆಸರಿನ ಲೆಕ್ಕವನ್ನೇ ಮೊದಲು ನೋಡೋಣ. ಮೊದಲ ಮಹಾಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರು ಸುಮಾರು 74 ಸಾವಿರ. 1922ರಿಂದ ಬೆಳಗಾವಿಯಲ್ಲಿ ನೆಲೆಸಿರುವ ಮರಾಠಾ ಲಘು ಪದಾತಿ ದಳದ ತುಕಡಿಗಳು ಆ ಯುದ್ಧದಲ್ಲಿ ಇಂದಿನ ಇರಾಕಿನ ಮರಳುಗಾಡಿನಲ್ಲಿ ಕಾದಿದವು. ಅಲ್ಲಿ ಸತ್ತು, ಸಮಾಧಿಯೂ ದೊರೆಯದವರಿಗಾಗಿ ಬಾಸ್ರಾದಲ್ಲಿ ಸ್ಮಾರಕವೊಂದನ್ನು ಕಟ್ಟಲಾಯಿತು. ಬಿಳಿಯ ಸೈನಿಕರ ಹೆಸರುಗಳನ್ನು ಅದರ ಮೇಲೆ ಕೊರೆದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರುಗಳಷ್ಟೇ ಕಲ್ಲೇರಿದವು. ಸಾಮಾನ್ಯ ಸಿಪಾಯಿಗಳು, ಯಾವ ರೆಜಿಮೆಂಟಿನವರು ಎಷ್ಟು ಮಂದಿ ಎಂಬ ಬರಿಯ ಸಂಖ್ಯೆಯಾಗಿ ಉಳಿದರು. ಯುದ್ಧಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿದ್ದು 2021ರಲ್ಲಿ. ಸಾವಿರ ವರ್ಷದ ಹಿಂದೆ ಆತಕೂರಿನ ನಾಯಿಗೆ ದೊರೆತ ಮನ್ನಣೆ ನಮ್ಮ ಸಿಪಾಯಿಗೆ ದೊರೆಯಲು ನೂರು ವರ್ಷ ಕಾಯಬೇಕಾಯಿತು. ದೆಹಲಿಯಲ್ಲಿ ಸ್ವತಂತ್ರ ಭಾರತದ ಯೋಧರ ಹೆಸರುಗಳನ್ನು ಹೊತ್ತ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದೂ 2019ರಲ್ಲಿ, ಸ್ವಾತಂತ್ರ್ಯ ಬಂದು ಎಪ್ಪತ್ತೊಂದು ವರ್ಷಗಳಾದ ಮೇಲೆ.

ಇನ್ನು ಮನೆಗಳ ಮಾತು. 1971ರ ಯುದ್ಧ ನಡೆದಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಅಜ್ಜಿಯ ಊರಿನ ಒಂದು ಮನೆಗೆ ತಾರು ಬಂತು. ಆ ಕಾಲದಲ್ಲಿ ಸಾಮಾನ್ಯವಾಗಿ ಯೋಧನ ಶವ ಊರಿಗೆ ಬರುತ್ತಿರಲಿಲ್ಲ. ಕೆಲ ತಿಂಗಳ ಮೇಲೆ ಬಂದದ್ದು ಅವನ ಕಬ್ಬಿಣದ ಟ್ರಂಕು. ಆ ಓಣಿಯಲ್ಲಿ ಯಾರೂ ಸಾಲಾಗಿ ನಿಂತು ಮೌನ ಆಚರಿಸಲಿಲ್ಲ. ಆದರೆ ಹಲವು ದಿನ ಯಾರ ಮನೆಯಲ್ಲೂ ರೇಡಿಯೋ ಹಚ್ಚಲಿಲ್ಲ. ನೆರೆಯವರು ಸರದಿಯ ಮೇಲೆ ರೊಟ್ಟಿ, ಪಲ್ಯ ಒಯ್ದರು. ಮುಂದಿನ ಮುಂಗಾರಿಗೆ ಊರವರು ತಮ್ಮ ಎತ್ತು, ಕೂರಿಗೆಗಳೊಂದಿಗೆ ಹೋಗಿ ಆ ಮನೆಯ ಹೊಲವನ್ನು ಬಿತ್ತಿಕೊಟ್ಟರು. ಅವರಾರೂ ನೆತ್ತರುಗೊಡಗೆ ಎಂಬ ಪದವನ್ನು ಕೇಳಿದವರಲ್ಲ.

1999ರ ಕಾರ್ಗಿಲ್ ಯುದ್ಧ ಚಿತ್ರವನ್ನು ಬದಲಿಸಿತು. ಅಂದು ಮಡಿದ 527 ಯೋಧರ ಪಾರ್ಥಿವ ಶರೀರಗಳನ್ನು ಹುಟ್ಟೂರಿಗೆ ಕಳಿಸುವ ಏರ್ಪಾಡಾಯಿತು. ತ್ರಿವರ್ಣ ಧ್ವಜ ಹೊದೆದ ಪೆಟ್ಟಿಗೆಯನ್ನು ಹಳ್ಳಿಗಳು ಮೊದಲ ಬಾರಿಗೆ ಕಣ್ಣಾರೆ ಕಂಡವು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತಕ್ಕೆ ಸಿಕ್ಕಿ, ಆರು ದಿನ ಹಿಮದಡಿ ಜೀವ ಹಿಡಿದಿದ್ದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾವ ಕನ್ನಡಿಗ ಮರೆತಾನು? ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದಾಗ ಕುಂದಗೋಳ ತಾಲ್ಲೂಕಿನ ಬೆಟದೂರಿಗೆ ಜನ ಹರಿದುಬಂದರು. ಅದೇ ಹಿಮಪಾತದಲ್ಲಿ ಹಾಸನದ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ ಅವರೂ ತೀರಿಕೊಂಡರು. ಜನರ ಈ ಕಣ್ಣೀರು ನಿಜವಾದದ್ದು. ಅದನ್ನು ನಾನು ಅನುಮಾನಿಸುವುದಿಲ್ಲ. ನನ್ನ ಪ್ರಶ್ನೆ, ಜನ ಚದುರಿದ ಮರುದಿನದ್ದು.

ಮರುದಿನದಿಂದ ಆ ಮನೆಯ ವ್ಯವಹಾರ ನಡೆಯುವುದು ಕಡತಗಳೊಡನೆ. ಯೋಧ ಕದನದಲ್ಲಿ ಸತ್ತನೇ, ಕರ್ತವ್ಯದ ಕಾರಣದಿಂದ ಸತ್ತನೇ, ಇಲ್ಲವೇ ಬೇರೆ ಕಾರಣದಿಂದಲೇ ಎಂಬುದರ ಮೇಲೆ ಪಿಂಚಣಿಯ ಪ್ರಮಾಣ ನಿಲ್ಲುತ್ತದೆ. ಮೊದಲನೆಯ ವರ್ಗದಲ್ಲಿ ಮಡದಿಗೆ ಅವನ ಕೊನೆಯ ವೇತನದಷ್ಟು ಪಿಂಚಣಿ. ಎರಡನೆಯದರಲ್ಲಿ ಶೇ 60ರಷ್ಟು. ಮೂರನೆಯದರಲ್ಲಿ ಅದಕ್ಕೂ ಕಡಿಮೆ. ವರ್ಗೀಕರಣ ಬೇಡವೆಂದಲ್ಲ. ಆದರೆ ಆ ಒಂದು ಪದವನ್ನು ಬರೆಯುವ ಕೈ ಎಷ್ಟು ಎಚ್ಚರದಿಂದಿರಬೇಕು ಎಂಬುದನ್ನು ನೆನೆಯಬೇಕು. ಶೌರ್ಯ ಪದಕದೊಡನೆ ಬರುವ ಮಾಸಿಕ ಭತ್ಯೆ, ವಿಧವೆ ಮರುಮದುವೆಯಾದರೆ ನಿಲ್ಲುತ್ತಿತ್ತು. ಗಂಡನ ಸಹೋದರನನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ವೀರನ ಮಡದಿ ಯಾರನ್ನು ವರಿಸಬೇಕೆಂದು ಭತ್ಯೆಯ ನಿಯಮ ಹೇಳುತ್ತಿದ್ದ ಆ ಷರತ್ತು ರದ್ದಾದದ್ದು 2017ರ ನವೆಂಬರ್‌ನಲ್ಲಿ. ಅಷ್ಟು ವರ್ಷಗಳಲ್ಲಿ ನಾವು ಎಷ್ಟು ಬಾರಿ ಮೌನ ಆಚರಿಸಿರಬಹುದು?

ಇತರರನ್ನು ದೂರುವ ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. 2003ರಲ್ಲಿ ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ತಹಶೀಲ್ದಾರನಾಗಿದ್ದೆ. ಜನವರಿ 30, ಗುರುವಾರ. ನಮ್ಮ ಕಚೇರಿಗೆ ಸೈರನ್ ಇರಲಿಲ್ಲ. ಹನ್ನೊಂದಕ್ಕೆ ಜವಾನ ಗಂಟೆ ಬಾರಿಸಿದ. ಎಲ್ಲರೂ ಎದ್ದು ನಿಂತೆವು. ಎರಡು ನಿಮಿಷಗಳನ್ನು ನಾನೇ ಗಡಿಯಾರ ನೋಡಿ ಪೂರ್ತಿಗೊಳಿಸಿದೆ. ಕುಳಿತ ಮೇಲೆ ಒಳಬಂದವರು ವಯಸ್ಸಾದ ಒಬ್ಬ ತಾಯಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳು. ಮದುವೆಯಾಗದ ಮಗ ಗಡಿಯಲ್ಲಿ ತೀರಿಕೊಂಡಿದ್ದ. ತಂದೆ ಮೊದಲೇ ಇರಲಿಲ್ಲ. ಪಿಂಚಣಿಗೆ ಅವಳೇ ಹಕ್ಕುದಾರಳೆಂದು ನಮ್ಮ ಕಚೇರಿಯ ಪ್ರಮಾಣಪತ್ರ ಬೇಕಾಗಿತ್ತು. ಸೇನೆಯ ದಾಖಲೆಯಲ್ಲಿ ಅವಳ ಹೆಸರಿನ ಕೊನೆಗೆ ‘ಬಾಯಿ’ ಎಂದಿತ್ತು, ರೇಷನ್ ಕಾರ್ಡಿನಲ್ಲಿ ‘ಅವ್ವ’ ಎಂದಿತ್ತು. ನಮ್ಮ ಗಡಿಸೀಮೆಯಲ್ಲಿ ಬರೆಯುವವನ ನಾಲಿಗೆಯಂತೆ ಹೆಸರು ಬದಲಾಗುವುದು ಯಾರಿಗೆ ಗೊತ್ತಿಲ್ಲ?

‘ಎಲ್ಲಾರೂ ಯಾಕ ನಿಂತಿದ್ರಿ, ಸಾಹೇಬ್ರ?’ ಎಂದು ಆಕೆ ಕೇಳಿದಳು.

‘ದೇಶಕ್ಕಾಗಿ ಸತ್ತವರ ನೆನಪಿಗೆ ಅವ್ವಾ.’

‘ಹೌದೇನ್ರೀ. ನಾನೂ ನಿಂತ ಇದ್ನಿರಿ, ಮುಂಜಾನಿಂದ.’

ಆಕೆಯ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೆ. ನಾನು ಹೆಸರಿನ ವ್ಯತ್ಯಾಸದ ಬಗ್ಗೆ ಅಫಿಡವಿಟ್ ಹಾಜರುಪಡಿಸಬೇಕೆಂದು ಷರಾ ಬರೆದು ಕಡತವನ್ನು ಹಿಂದಿರುಗಿಸಿದೆ. ನಿಯಮದ ದೃಷ್ಟಿಯಿಂದ ಅದರಲ್ಲಿ ದೋಷವಿಲ್ಲ. ಆದರೆ ಆ ತಾಲ್ಲೂಕಿನಲ್ಲಿ ಜೀಪು ನನ್ನ ಬಳಿ ಇತ್ತು, ಅವಳ ಬಳಿ ಇರಲಿಲ್ಲ. ಅವಳ ಊರಿಗೆ ಹೋಗಿ, ನಾಲ್ಕು ಜನರ ಮುಂದೆ ಪಂಚನಾಮೆ ಮಾಡಿ, ಇಬ್ಬರೂ ಒಬ್ಬಳೇ ಎಂದು ಸಂಜೆಯೊಳಗೆ ಬರೆದುಕೊಡುವ ಅಧಿಕಾರವೂ ನನಗಿತ್ತು. ಅದರ ಬದಲು ಆ ಪ್ರಮಾಣಪತ್ರಕ್ಕೆ ಐದು ತಿಂಗಳು ಹಿಡಿಯಿತು. ಕೂಲಿ ಮಾಡುವವರಿಗೆ ಕಚೇರಿಗೆ ಒಂದು ಸಲ ಬರುವುದೆಂದರೆ ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ. ಅರ್ಥಶಾಸ್ತ್ರ ಇದನ್ನು ‘ವಹಿವಾಟಿನ ವೆಚ್ಚ’ ಎಂದು ಕರೆಯುತ್ತದೆ. ಪರೀಕ್ಷೆಯಲ್ಲಿ ಅದರ ಬಗ್ಗೆ ಬರೆದು ಅಂಕ ಪಡೆದವನು ನಾನು. ಆ ತಾಯಿಯ ಮೇಲೆ ಆ ವೆಚ್ಚ ಹೇರಿದವನೂ ನಾನೇ.

ಬದುಕಿ ಮರಳಿದವರ ಪಾಡನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಸಿಪಾಯಿಯೊಬ್ಬ ಸೇವೆ ಮುಗಿಸಿ ಮನೆಗೆ ಬರುವಾಗ ಅವನ ವಯಸ್ಸು ಹೆಚ್ಚಾಗಿ ಮೂವತ್ತೈದರಿಂದ ನಲವತ್ತು. ನಾಗರಿಕ ನೌಕರನ ಸಂಸಾರ ನೆಲೆ ನಿಲ್ಲುವ ವಯಸ್ಸಿನಲ್ಲಿ ಅವನು ಮತ್ತೆ ಕೆಲಸ ಹುಡುಕುತ್ತಾನೆ. ಹಿಮಶಿಖರ ಕಾದವನು ಬ್ಯಾಂಕಿನ ಬಾಗಿಲು ಕಾಯುತ್ತಾನೆ. ಸಮಾನ ಶ್ರೇಣಿಗೆ ಸಮಾನ ಪಿಂಚಣಿ ಬೇಕೆಂದು 2015ರಲ್ಲಿ ವೃದ್ಧ ಯೋಧರು ದೆಹಲಿಯ ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಧರಣಿ ಕೂರಬೇಕಾಯಿತು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಗಳ ಸೇವೆಯ ನಂತರ ಕಾಯಂ ಆಗುವವರ ಮಿತಿ ಶೇ 25. ಉಳಿದವರು ಸೇವಾನಿಧಿಯ ಇಡಿಗಂಟು ಪಡೆದು ಪಿಂಚಣಿಯಿಲ್ಲದೆ ಮರಳಬೇಕು. ಆ ಯೋಜನೆಯ ಸರಿತಪ್ಪುಗಳು ಬೇರೆ ಚರ್ಚೆಗೆ ಸೇರಿದವು. ಆದರೆ ಇನ್ನೂ ಇಪ್ಪತ್ತರ ಹರೆಯದಲ್ಲೇ ಮನೆಗೆ ಮರಳುವ ಈ ತರುಣರ ಕೈಗೆ ಕೆಲಸ ಕೊಡುವ ಹೊಣೆ ಸಮಾಜದ ಮೇಲೆ ಇನ್ನಷ್ಟು ಬೀಳುತ್ತದೆ ಎಂಬುದರಲ್ಲಿ ಚರ್ಚೆಯಿಲ್ಲ. ಇಂದಿಗೂ ಅಂಕಲಗಿಯ ರಸ್ತೆಯಲ್ಲಿ ನಸುಕಿನಲ್ಲಿ ಭರ್ತಿಗಾಗಿ ಓಡುವ ಹುಡುಗರನ್ನು ಕಂಡಾಗ ನನಗೆ ಹೆಮ್ಮೆಯ ಜೊತೆಗೆ ಈ ಚಿಂತೆಯೂ ಆಗುತ್ತದೆ.

ಹಾಗಾದರೆ ಮೌನ ಬೇಡವೇ? ಖಂಡಿತ ಬೇಕು. ಗದ್ದಲವೇ ದೇಶಭಕ್ತಿಯಾಗುತ್ತಿರುವ ಕಾಲದಲ್ಲಿ ಎಲ್ಲರೂ ಸರಿಸಮನಾಗಿ ನಿಂತು ಮಾಡಬಹುದಾದ ಗೌರವ ಅದೊಂದೇ. ಅದಕ್ಕೆ ಜಾತಿಯಿಲ್ಲ, ಪಕ್ಷವಿಲ್ಲ, ಗಡಿಸೀಮೆಯ ಭಾಷಾ ವ್ಯಾಜ್ಯವೂ ಇಲ್ಲ. ನಾನು ಕೇಳುವುದು ಮೂರು ಸಣ್ಣ ಸಂಗತಿಗಳನ್ನು. ಮೊದಲನೆಯದು, ನಿಮಿಷವೆಂದರೆ ಪೂರ್ತಿ ನಿಮಿಷವಾಗಲಿ. ಅದಕ್ಕೆ ಮುನ್ನ ಆ ಸೀಮೆಯ ಮಡಿದವರ ಹೆಸರುಗಳನ್ನು ಓದಲಿ. ಎರಡನೆಯದು, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ತನ್ನ ವ್ಯಾಪ್ತಿಯ ಯೋಧರ, ಮಾಜಿ ಸೈನಿಕರ, ಅವರ ಅವಲಂಬಿತರ ಹೆಸರುಗಳಿರುವ ಒಂದು ವಹಿ ಇರಲಿ. ಸೇನೆಯ ದಾಖಲೆಗೂ ಊರಿನ ದಾಖಲೆಗೂ ಇರುವ ಹೆಸರಿನ ವ್ಯತ್ಯಾಸವನ್ನು, ತಾರು ಬರುತ್ತಿದ್ದ ಬಾಗಿಲಿಗೆ ಫೋನು ಬರುವ ಮೊದಲೇ, ಸರಿಪಡಿಸಿಡಲಿ. ಮೂರನೆಯದು, ಜನವರಿ 30 ಮತ್ತು ಡಿಸೆಂಬರ್ 7ರಂದು ತಾಲ್ಲೂಕು ಕಚೇರಿಯಲ್ಲಿ ತಹಶೀಲ್ದಾರರು, ಸೈನಿಕ ಕಲ್ಯಾಣ ಇಲಾಖೆಯವರು, ಬ್ಯಾಂಕಿನವರು ಒಟ್ಟಿಗೆ ಕುಳಿತು ಈ ಕುಟುಂಬಗಳ ಬಾಕಿ ಕಡತಗಳನ್ನು ಅಂದೇ ಮುಗಿಸಲಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನವೂ ಬೇಡ. ಒಂದು ಸುತ್ತೋಲೆ ಸಾಕು. ಸುತ್ತೋಲೆಯಿಲ್ಲದಿದ್ದರೆ ಒಬ್ಬ ಅಧಿಕಾರಿಯ ಮನಸ್ಸು ಸಾಕು.

ಆ ಹವಾಲ್ದಾರರ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ. ಈಗಲೂ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ಜನವರಿ 30ರಂದು ಹನ್ನೊಂದಕ್ಕೆ ಎದ್ದು ನಿಲ್ಲುವ ನನ್ನ ಕಿರಿಯ ಅಧಿಕಾರಿ ಮಿತ್ರರಲ್ಲಿ ಒಂದು ವಿನಂತಿ. ಎರಡು ನಿಮಿಷ ಮುಗಿದು ಕುಳಿತುಕೊಳ್ಳುವ ಮುನ್ನ ಒಮ್ಮೆ ಬಾಗಿಲಾಚೆ ನೋಡಿ. ಮುಂಜಾನೆಯಿಂದ ನಿಂತವರು ಅಲ್ಲಿ ಯಾರಾದರೂ ಇರಬಹುದು. ಮೊದಲು ಅವರಿಗೊಂದು ಕುರ್ಚಿ ಹಾಕಿಸಿ.